ರಬ್ಬರ್ ಗುಂಡಿಗೂ ಅವಧಿ ಇದೆ

ಪ್ರಶ್ನೆ: ವಿಶ್ವಸಂಸ್ಥೆಯ ಶಾಂತಿಪಾಲನಾ ಸೈನಿಕರ ಮೇಲೆ ಜನ ತಿರುಗಿಬಿದ್ದಾಗ ನಿಜವಾದ ಗುಂಡು ಯಾಕೆ? ರಬ್ಬರ್ ಗುಂಡು, ಅಶ್ರುವಾಯು ಕೊಟ್ಟರೆ ಯಾರೂ ಸಾಯುವುದಿಲ್ಲ ಅಲ್ವಾ?

ಉತ್ತರ: ಕೊಡಬೇಕು, ಸರಿ. ಆದರೆ ‘ಯಾರೂ ಸಾಯುವುದಿಲ್ಲ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2007ರ ಫೆಬ್ರವರಿಯಲ್ಲಿ ಕೊಸೊವೊದ ಪ್ರಿಸ್ಟಿನಾದಲ್ಲಿ ವಿಶ್ವಸಂಸ್ಥೆಯ ಪೊಲೀಸ್ ತುಕಡಿ ಹಾರಿಸಿದ್ದು ರಬ್ಬರ್ ಗುಂಡೇ. ಇಬ್ಬರು ಪ್ರತಿಭಟನಾಕಾರರು ಸತ್ತರು. ತನಿಖೆ ಮಾಡಿ ನೋಡಿದರೆ ಗುಂಡುಗಳ ಅವಧಿ ಎಂದೋ ಮುಗಿದಿತ್ತು. ಹಳತಾದ ರಬ್ಬರ್ ಗಟ್ಟಿಯಾಗುತ್ತದೆ. ಬಾಸುಂಡೆ ಬರಿಸಬೇಕಾದದ್ದು ತಲೆಬುರುಡೆಯನ್ನೇ ಒಡೆಯುತ್ತದೆ. ಹಾಗಾಗಿ ಉಗ್ರಾಣದಲ್ಲಿ ಪೆಟ್ಟಿಗೆ ಮೇಲಿನ ತಾರೀಖು ನೋಡುವವನ ಕೆಲಸ ಬಂದೂಕು ಹಿಡಿದವನ ಕೆಲಸದಷ್ಟೇ ದೊಡ್ಡದು.

ಗುರಿಯ ವಿಷಯವೂ ಅಷ್ಟೇ. ಹಿಂಸೆಗೆ ಇಳಿದ ಒಬ್ಬನನ್ನೇ ನೋಡಿ, ಹೊಟ್ಟೆಯ ಕೆಳಭಾಗಕ್ಕೆ ಇಲ್ಲವೇ ಕಾಲಿಗೆ ಹೊಡೆಯಬೇಕು. ಗುಂಪಿನ ಕಡೆಗೆ ಸುಮ್ನೆ ಹಾರಿಸುವಂತಿಲ್ಲ. ಹೇಳೋದು ಸುಲಭ. ಎದುರಿಗಿರುವವನು ಕಲ್ಲೆತ್ತಲು ಬಗ್ಗಿದರೆ ಹೊಟ್ಟೆ ಇದ್ದ ಜಾಗಕ್ಕೆ ತಲೆ ಬಂದಿರುತ್ತದೆ. ನಾನು ತರಬೇತಿ ಕೊಡುವಾಗ ಹುಡುಗರಿಗೆ ಜಾಸ್ತಿ ಹೇಳುತ್ತಿದ್ದುದು ಇದನ್ನೇ.

ಅಶ್ರುವಾಯುವಿನದು ಬೇರೆ ಕಥೆ. ರಾಸಾಯನಿಕ ಅಸ್ತ್ರಗಳ ಒಪ್ಪಂದದ ಪ್ರಕಾರ ಯುದ್ಧದಲ್ಲಿ ಅದನ್ನು ಅಸ್ತ್ರವಾಗಿ ಬಳಸುವಂತಿಲ್ಲ, ಗಲಭೆ ಚದುರಿಸಲು ಬಳಸಬಹುದು. ಗಾಳಿ ತಿರುಗಿತೋ, ಹೊಗೆಯೆಲ್ಲ ನಮ್ಮ ಸಾಲಿಗೇ. ಮುಖವಾಡ ಹಾಕಿಕೊಂಡರೆ ಆಜ್ಞೆಯೂ ಸರಿಯಾಗಿ ಕೇಳಿಸದು. ಓಡಿಹೋಗಲು ದಾರಿ ಇಲ್ಲದ ಕಡೆ ಶೆಲ್ ಎಸೆದರೆ ಕಾಲ್ತುಳಿತ ಖಂಡಿತ.

ಹೊಸ ಹೊಸ ಯಂತ್ರಗಳ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. 1995ರಲ್ಲಿ ಸೊಮಾಲಿಯಾದಿಂದ ವಿಶ್ವಸಂಸ್ಥೆಯ ಪಡೆ ಹೊರಡುವಾಗ, ಕಾವಲಿಗೆ ಬಂದ ಅಮೆರಿಕದ ಮರೀನ್‌ಗಳು ಎದುರಿಗಿರುವವರನ್ನು ಅಂಟಿಸಿ ತಡೆಯುವ ಅಂಟು ನೊರೆಯನ್ನೂ ಹೊತ್ತು ತಂದಿದ್ದರು. ಮುಖಕ್ಕೆ ಬಿದ್ದರೆ ಉಸಿರೇ ಕಟ್ಟುತ್ತದೆ! ಚರ್ಮ ಸುಟ್ಟಂತೆ ಅನಿಸುವ, ಮೈಕ್ರೋವೇವ್ ಥರದ ಅಲೆ ಬಿಡುವ ಯಂತ್ರವನ್ನು ಅಮೆರಿಕ 2010ರಲ್ಲಿ ಅಫ್ಘಾನಿಸ್ತಾನಕ್ಕೆ ಕಳಿಸಿ, ಒಮ್ಮೆಯೂ ಬಳಸದೆ ವಾಪಸ್ ತರಿಸಿಕೊಂಡಿತು.

ಇನ್ನೊಂದು ಮಾತು. ಗುಂಪು ನಿಭಾಯಿಸುವುದು ಮುಖ್ಯವಾಗಿ ವಿಶ್ವಸಂಸ್ಥೆಯ ಪೊಲೀಸ್ ತುಕಡಿಗಳ ಕೆಲಸ. ಸೈನಿಕ ಕಲಿತದ್ದು ಶತ್ರುವಿನ ಜೊತೆ ಹೋರಾಡುವುದನ್ನು. ಅವನ ಕೈಗೆ ಹೊಸ ಬಂದೂಕು ಕೊಟ್ಟ ಮಾತ್ರಕ್ಕೆ ಹಳೆಯ ಅಭ್ಯಾಸ ಹೋಗುವುದಿಲ್ಲ.

ಗುರಾಣಿ ಹಿಡಿದು ನಿಲ್ಲುವುದೂ ಸಲೀಸಲ್ಲ. 2023ರ ಮೇ ತಿಂಗಳಲ್ಲಿ ಕೊಸೊವೊದ ಜ್ವೆಚಾನ್‌ನಲ್ಲಿ ನೇಟೋ ಶಾಂತಿ ಪಡೆಯ 90ಕ್ಕೂ ಹೆಚ್ಚು ಸೈನಿಕರು ಗಾಯಗೊಂಡರು. ಆದರೂ ಖರೀದಿ ನನ್ನ ಕೈಲಿದ್ದರೆ ಮೊದಲು ಒಳ್ಳೆಯ ಗುರಾಣಿ, ಹೆಲ್ಮೆಟ್, ಧ್ವನಿವರ್ಧಕ ತರಿಸುತ್ತಿದ್ದೆ. ಜೊತೆಗೆ ಆ ಜನರ ಭಾಷೆ ಬಲ್ಲ ಒಬ್ಬ ದುಭಾಷಿ. ರಬ್ಬರ್ ಗುಂಡಿನ ಪೆಟ್ಟಿಗೆ ಆಮೇಲೆ ಬರಲಿ.