ಹ್ಯಾಮ್ ರೇಡಿಯೋ ಸಂಪರ್ಕಗಳನ್ನು ಬರೆದಿಡುವ ಲಾಗಿಂಗ್ ಸಾಫ್ಟ್‌ವೇರ್ ಹಾಕಿದ್ದೇನೆ, ಗಡಿಯಾರವನ್ನು ಯುಟಿಸಿಗೆ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯಕ್ಕೆ) ಇಟ್ಟುಬಿಡಲೇ?
ಪರದೆಯ ಬಣ್ಣ ಯಾವುದು, ಕ್ಲಸ್ಟರ್ (ಯಾರು ಎಲ್ಲಿ ಕೇಳಿಸುತ್ತಿದ್ದಾರೆಂದು ತಿಳಿಸುವ ಜಾಲ) ಯಾವುದು, ಕಂಪ್ಯೂಟರಿನ ಗಡಿಯಾರವನ್ನೇ ಯುಟಿಸಿಗೆ ಇಟ್ಟರೆ ಸುಲಭವಲ್ಲವೇ ಎಂದೆಲ್ಲ ಕೇಳಿದ್ದೀರಿ. ಬಣ್ಣ, ಕ್ಲಸ್ಟರ್ ಆಮೇಲೆ ನೋಡಿಕೊಳ್ಳಿ ಮಾರಾಯ್ರೇ, ಗಡಿಯಾರ ಮಾತ್ರ ಮುಟ್ಟಬೇಡಿ.

ನಾನು ಮುಟ್ಟಿದವ. ಕಾಸರಗೋಡಿನ ಬದಿಯಡ್ಕದ ಹತ್ತಿರ ಮನೆ, ತೋಟದ ಎರಡು ಕಂಗಿಗೆ (ಅಡಿಕೆ ಮರಕ್ಕೆ) ಡೈಪೋಲ್ ಎಂಬ ತಂತಿಯ ಆಂಟೆನಾ ಕಟ್ಟಿ, ಕಂಪ್ಯೂಟರಿನಿಂದ ಪುಟ್ಟ ಸಂದೇಶ ಕಳಿಸುವ ಎಫ್‌ಟಿ8 ವಿಧಾನ ಶುರು ಮಾಡಿದ್ದೆ. ಲಾಗ್ ಯುಟಿಸಿಯಲ್ಲಿರಬೇಕು, ಸರಿ. ಇಂಟರ್ನೆಟ್ ಸಿಂಕ್ ಆಫ್ ಮಾಡಿ ಗಡಿಯಾರವನ್ನು ಐದೂವರೆ ಗಂಟೆ ಹಿಂದಿಟ್ಟೆ. ಟೈಮ್ ಝೋನ್ ಭಾರತದ್ದೇ ಉಳಿಯಿತು. ಸಾಫ್ಟ್‌ವೇರಿಗೆ ನನ್ನ ಜಾಣತನ ಗೊತ್ತಿಲ್ಲವಲ್ಲ, ಝೋನ್ ನೋಡಿ ಅದೂ ಐದೂವರೆ ಗಂಟೆ ಕಳೆಯಿತು. ರಾತ್ರಿ 9ರ ಸಂಪರ್ಕ 15:30 ಎಂದು ಬೀಳಬೇಕಿತ್ತು, ಬಿದ್ದದ್ದು 10:00. ಬೆಳಗ್ಗೆ 9ರದ್ದು 03:30ರ ಬದಲು ಹಿಂದಿನ ದಿನದ 22:00. ತಾರೀಕೇ ತಪ್ಪು!

ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳಲಿಲ್ಲವೇ? ಇಲ್ಲ. ಎಫ್‌ಟಿ8 ನಡೆಯುವುದು 15 ಸೆಕೆಂಡಿನ ಸರದಿಯಲ್ಲಿ. ಸೆಕೆಂಡು ಸರಿಯಿದ್ದರೆ ಅದಕ್ಕೆ ಸಾಕು, ಗಂಟೆ ಯಾವುದಾದರೇನು. ಎರಡು ಕಡೆಯ ಸಮಯದ ಅಂತರವನ್ನು ಸೆಕೆಂಡಿನಲ್ಲಿ ತೋರಿಸುವ ಡಿಟಿ ಕಾಲಂ ಸೊನ್ನೆಯ ಆಸುಪಾಸು ಬರುವಂತೆ ಸೆಕೆಂಡು ಕೈಯಲ್ಲೇ ಸರಿಮಾಡುತ್ತಿದ್ದೆ. ಜಪಾನಿನವರು, ಇಟಲಿಯವರು ಚಂದಕ್ಕೆ ಉತ್ತರ ಕೊಡುತ್ತಿದ್ದರು. ಇಬ್ಬರ ಲಾಗನ್ನೂ ತಾಳೆ ನೋಡಿ ಸಂಪರ್ಕ ಖಚಿತಪಡಿಸುವ ಆನ್‌ಲೈನ್ ಸೇವೆ ಲಾಗ್‌ಬುಕ್ ಆಫ್ ದಿ ವರ್ಲ್ಡ್‌ಗೆ ಏರಿಸಿದರೆ ಒಂದೂ ತಾಳೆಯಾಗಲಿಲ್ಲ. ಎರಡು ಕಡೆಯ ಸಮಯದಲ್ಲಿ 30 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅಲ್ಲಿ ಒಪ್ಪುವುದಿಲ್ಲ. ಆಚೆಯವರೇ ಲಾಗ್ ಏರಿಸಿಲ್ಲ ಎಂದುಕೊಂಡೆ ನಾನು! ಅದೇ ಹಾಳು ಸಮಯ ಬರೆದು ಸಂಪರ್ಕ ಖಚಿತಪಡಿಸುವ ಕ್ಯೂಎಸ್‌ಎಲ್ ಕಾರ್ಡು ಕಳಿಸಿದೆ. ಅಚ್ಚಿನ ಖರ್ಚು, ಅಂಚೆಯ ಖರ್ಚು. ಬಂದ ಉತ್ತರ, 'ನಾಟ್ ಇನ್ ಲಾಗ್'.

ಕೊನೆಗೆ ಲಾಗನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ಒಯ್ಯುವ ಎಡಿಐಎಫ್ ಫೈಲಿನಲ್ಲಿ ಎಲ್ಲ ಸಂಪರ್ಕಗಳಿಗೂ ಐದೂವರೆ ಗಂಟೆ ಕೂಡಿಸಿ, ತಾರೀಕು ತಿದ್ದಿ, ಮತ್ತೆ ಏರಿಸಿದೆ. ಹಳೆಯ ತಪ್ಪು ನಮೂದುಗಳನ್ನು ಅಲ್ಲಿಂದ ಅಳಿಸಲು ಬರುವುದಿಲ್ಲ, ಇವತ್ತಿಗೂ ಅಲ್ಲೇ ಬಿದ್ದಿವೆ.

ಹಾಗಾಗಿ ಝೋನ್ ಭಾರತದ್ದೇ ಇರಲಿ, ಸಿಂಕ್ ಆನ್ ಇರಲಿ, ಕಳೆಯುವ ಕೆಲಸ ಸಾಫ್ಟ್‌ವೇರಿನದ್ದು. ಒಂದು ಸುಳ್ಳು ಸಂಪರ್ಕ ಹಾಕಿ, ಎಡಿಐಎಫ್ ಆಗಿ ಎಕ್ಸ್‌ಪೋರ್ಟ್ ಮಾಡಿ, ನೋಟ್‌ಪ್ಯಾಡಿನಲ್ಲಿ ತೆರೆದು ಸಮಯ ಓದಿ. ಸರಿಯಿದ್ದರೆ ಅದನ್ನು ಅಳಿಸಿ ಮುಂದುವರಿಯಿರಿ. ಬೆಂಗಳೂರಿನ ಗೆಳೆಯರ ಸೆಟ್ಟಿಂಗ್ ಫೈಲನ್ನು ಇದ್ದಹಾಗೆಯೇ ತುಂಬಿಸಬೇಡಿ. ಅವರ ಗ್ರಿಡ್ (ಸ್ಥಳ ಸೂಚಿಸುವ ಸಂಕೇತ) ಎಂಕೆ82, ಕಾಸರಗೋಡಿನದು ಎಂಕೆ72.