ಐಷಾರಾಮಿ ಎಲೆಕ್ಟ್ರಿಕ್ ಕಾರಿನಲ್ಲಿ ಇಲ್ಲದ ಸಣ್ಣಪುಟ್ಟ ಸೌಕರ್ಯಗಳನ್ನು ಆಮೇಲೆ ಹಾಕಿಸಿಕೊಳ್ಳಬಹುದೇ?

ಹಿಂದಿನ ಸೀಟಿನವರಿಗೆ ಮೇಲಿನ ಹಿಡಿಕೆಯಿಲ್ಲ, ಗಾಜಿನ ಛಾವಣಿಗೆ ಪರದೆಯಿಲ್ಲ, ಮುಂದಿನ ಸೀಟಿನ ಬೆನ್ನಿಗೆ ಚೀಲವಿಲ್ಲ, ಲೀಟರಿನ ಬಾಟಲಿ ಬಾಗಿಲಿನಲ್ಲಿ ಕೂರುವುದಿಲ್ಲ. ಉಳಿದಂತೆ ಕಾರು ಎಲ್ಲರಿಗೂ ಹಿಡಿಸಿದೆ, ಬುಕಿಂಗ್ ಆಗಿದೆ, ಯಾವ ಯಾವ ಆಕ್ಸೆಸರಿ ಹಾಕಿಸಿದರೆ ಈ ಕೊರತೆ ನೀಗುತ್ತದೆ ಎಂದು ಕೇಳಿದ್ದೀರಿ. ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದಾರೆ ಎಂಬುದನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ಆ ಸಾಲು ಮೊದಲು ಬರಬೇಕಿತ್ತು. ನಾನೂ ಇದೇ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡು, ಇದೇ ಪ್ರಶ್ನೆಯನ್ನು ಕೇಳಿಕೊಂಡು, ಹೆಚ್ಚುಕಡಿಮೆ ಇಂಥದ್ದೇ ಕಾರನ್ನು ಮನೆಗೆ ತಂದವಳು. ಕಂಪನಿಯ ಹೆಸರು ಇಲ್ಲಿ ಬೇಡ, ಏಕೆಂದರೆ ಈ ತೊಂದರೆ ಒಂದೇ ಕಂಪನಿಯದಲ್ಲ.

ಅದಕ್ಕೂ ಮೊದಲು ನಮ್ಮಲ್ಲಿ ಇನ್ನೋವಾ ಇತ್ತು. ಹತ್ತಾರು ವರ್ಷ ದುಡಿದ ಗಾಡಿ. ಅದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತೆಗೆದುಕೊಂಡೆವು. ಷೋರೂಂನಲ್ಲಿ ನಾನು ಡ್ರೈವರ್ ಸೀಟಿನಲ್ಲಿ ಕೂತೆ, ಯಜಮಾನರು ಪಕ್ಕದಲ್ಲಿ ಕೂತರು, ಮಕ್ಕಳು ಹಿಂದೆ ಕೂತು ಗಾಜಿನ ಛಾವಣಿಯನ್ನು ನೋಡಿ ಖುಷಿಪಟ್ಟರು. ಹಿಡಿಕೆಯಿಲ್ಲ ಎಂಬುದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ. ಅಲ್ಲಿದ್ದ ಹುಡುಗನನ್ನು ಕೇಳಿದೆ. "ಅದೇನು ದೊಡ್ಡ ವಿಷಯ ಅಲ್ಲ ಮೇಡಂ, ಹೊರಗಡೆ ಹಾಕಿಸಿಕೊಳ್ಳಬಹುದು" ಎಂದ. ನಾನು ಒಪ್ಪಿಕೊಂಡೆ.

ನನಗೆ ದುಬಾರಿಯಾದದ್ದು ಆ ಒಂದು ಒಪ್ಪಿಗೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಿಮ್ಮ ಪ್ರಶ್ನೆಯೂ ಅದೇ ನಂಬಿಕೆಯ ಮೇಲೆ ನಿಂತಿದೆ. ಕಾರಿನಲ್ಲಿ ಇಲ್ಲದ ವಸ್ತುಗಳನ್ನು ನಾನು ಒಂದೇ ಪಟ್ಟಿಯಲ್ಲಿ ಬರೆದುಕೊಂಡೆ: ಮ್ಯಾಟು, ಬಾಟಲಿ ಇಡುವ ಜಾಗ, ಕೋಟು ನೇತುಹಾಕುವ ಕೊಕ್ಕೆ, ಪರದೆ, ಹಿಡಿಕೆ. ಒಂದೇ ಪಟ್ಟಿಯಲ್ಲಿ ಬರೆದದ್ದರಿಂದ ಎಲ್ಲವೂ ಒಂದೇ ಜಾತಿಯವು ಎಂದು ತೋರಿತು. ಆದರೆ ಅವುಗಳಲ್ಲಿ ಕೆಲವು ಕಾರಿನೊಳಗೆ ಇಡುವ ವಸ್ತುಗಳು, ಕೆಲವು ಕಾರಿನ ಮೈಗೆ ಸೇರಿದ ಭಾಗಗಳು. ಮ್ಯಾಟು ಆಕ್ಸೆಸರಿ. ಹಿಡಿಕೆ ಆಕ್ಸೆಸರಿಯಲ್ಲ. ಮನುಷ್ಯನ ಇಡೀ ಭಾರವನ್ನು ತಡೆಯಬೇಕಾದ ವಸ್ತುವನ್ನು ಕಾರಿನ ಚೌಕಟ್ಟನ್ನು ರೂಪಿಸುವಾಗಲೇ ಯೋಚಿಸಿರಬೇಕು, ಆಮೇಲೆ ಯೋಚಿಸಿ ಪ್ರಯೋಜನವಿಲ್ಲ. ಈ ವ್ಯತ್ಯಾಸವನ್ನು ನಾನು ಬುಕಿಂಗ್‌ಗೆ ಮೊದಲು ಮಾಡಿಕೊಂಡಿದ್ದರೆ ಬೇರೆ ಕಾರನ್ನು ಕೊಳ್ಳುತ್ತಿದ್ದೆ, ಅಥವಾ ಇನ್ನೋವಾವನ್ನು ಉಳಿಸಿಕೊಳ್ಳುತ್ತಿದ್ದೆ.

ನಮ್ಮ ಅತ್ತೆಯವರಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ನೋಯುತ್ತವೆ. ಇನ್ನೋವಾದಲ್ಲಿ ಅವರು ಮೇಲಿನ ಹಿಡಿಕೆಯನ್ನು ಹಿಡಿದು, ಒಂದು ಕಾಲನ್ನು ಒಳಗಿಟ್ಟು, ಮೈಯನ್ನು ತಾವೇ ಎಳೆದುಕೊಂಡು ಕೂರುತ್ತಿದ್ದರು. ಯಾರ ಸಹಾಯವೂ ಬೇಕಿರಲಿಲ್ಲ. ಹೊಸ ಕಾರಿಗೆ ಮೊದಲ ಸಲ ಹತ್ತುವಾಗ ಅವರ ಕೈ ಅಭ್ಯಾಸಬಲದಿಂದ ಛಾವಣಿಯ ಅಂಚಿಗೆ ಹೋಯಿತು, ಅಲ್ಲಿನ ನುಣುಪಾದ ಬಟ್ಟೆಯ ಮೇಲೆ ಹಿಂದೆ ಮುಂದೆ ತಡವರಿಸಿತು, ಏನೂ ಸಿಗದೆ ಕೆಳಗಿಳಿದು ಸೀಟ್ ಬೆಲ್ಟನ್ನು ಹಿಡಿದುಕೊಂಡಿತು. ಬೆಲ್ಟನ್ನು ಜೋರಾಗಿ ಎಳೆದರೆ ಒಂದು ಕ್ಷಣ ಬಿಗಿಯಾಗಿ ನಿಲ್ಲುತ್ತದೆ, ಬಿಗಿ ಸಡಿಲವಾದೊಡನೆ ಸರಿದುಕೊಂಡು ಬರುತ್ತದೆ. ಅವರು ಹಿಂದಕ್ಕೆ ವಾಲಿದರು. ಯಜಮಾನರು ಬೆನ್ನಿಗೆ ಕೈಕೊಟ್ಟು ನಿಲ್ಲಿಸಿದರು. ಬೀಳಲಿಲ್ಲ, ಆದರೆ ಅಂದಿನಿಂದ ಕಾರು ಹತ್ತುವುದೆಂದರೆ ಅವರಿಗೆ ಭಯ.

ಎಲೆಕ್ಟ್ರಿಕ್ ಕಾರಿನಲ್ಲಿ ಈ ಹಿಡಿಕೆಯ ಅಗತ್ಯ ಕಡಿಮೆಯಲ್ಲ, ಇನ್ನೂ ಹೆಚ್ಚು. ಬ್ಯಾಟರಿ ನೆಲದ ಕೆಳಗೆ ಇರುತ್ತದೆ, ಅದರ ದಪ್ಪ ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಅದರಿಂದ ಒಳಗಿನ ನೆಲ ಮೇಲೇಳುತ್ತದೆ, ಹತ್ತುವವರು ಕಾಲನ್ನು ಹೆಚ್ಚು ಎತ್ತಿ ಇಡಬೇಕಾಗುತ್ತದೆ, ಕೂತ ಮೇಲೆ ಮಂಡಿ ಮೇಲಕ್ಕೆದ್ದು ತೊಡೆಗೆ ಸೀಟಿನ ಆಸರೆ ಸಿಗುವುದಿಲ್ಲ. ಗಾಳಿಯ ತಡೆ ಕಡಿಮೆಯಾಗಿ ಒಂದು ಚಾರ್ಜಿಗೆ ಹೆಚ್ಚು ದೂರ ಓಡಲೆಂದು ಛಾವಣಿಯನ್ನು ತಗ್ಗಿಸಿರುತ್ತಾರೆ. ತಗ್ಗಿದ ಛಾವಣಿಯಲ್ಲಿ ತಲೆಗೆ ಜಾಗ ಉಳಿಯಲೆಂದು ಒಳಗಿನ ಹೊದಿಕೆಯನ್ನೂ ಸುತ್ತಿಕೊಳ್ಳುವ ಪರದೆಯನ್ನೂ ತೆಗೆದು ಬರೀ ಗಾಜು ಹಾಕುತ್ತಾರೆ. ನೀವು ಪಟ್ಟಿ ಮಾಡಿರುವ ಕೊರತೆಗಳಲ್ಲಿ ಹಲವು ಹೀಗೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ. ಯಾರೋ ಮರೆತು ಬಿಟ್ಟದ್ದಲ್ಲ. ಇದರ ಜೊತೆಗೆ ಆಕ್ಸಿಲರೇಟರ್ ಬಿಟ್ಟೊಡನೆ ಮೋಟಾರೇ ಬ್ರೇಕಿನಂತೆ ಹಿಡಿದು ಬ್ಯಾಟರಿಗೆ ವಿದ್ಯುತ್ ವಾಪಸು ಕಳಿಸುವ ರೀಜೆನ್ ಬೇರೆ ಇದೆ. ಓಡಿಸುವವರಿಗೆ ಅದು ಹಿತ. ಹಿಂದೆ ಕೂತವರ ತಲೆ ಪ್ರತಿ ಸಲವೂ ಮುಂದಕ್ಕೆ ತೂಗುತ್ತದೆ, ಮತ್ತೆ ಕಾಲಿಟ್ಟರೆ ಹಿಂದಕ್ಕೆ ಬೀಳುತ್ತದೆ.

ಹೊರನಾಡಿಗೆ ಹೋದಾಗ ಇದೆಲ್ಲ ಒಟ್ಟಿಗೆ ಅನುಭವಕ್ಕೆ ಬಂತು. ಕೊಟ್ಟಿಗೆಹಾರ ದಾಟಿ ಕಳಸದ ಕಡೆಗೆ ತಿರುಗಿದ ಮೇಲೆ ರಸ್ತೆ ನೆಟ್ಟಗೆ ಸಾಗುವುದೇ ಇಲ್ಲ. ಅತ್ತೆಯವರಿಗೆ ಹಿಡಿದುಕೊಳ್ಳಲು ಏನೂ ಇಲ್ಲದೆ ಎರಡೂ ಅಂಗೈಗಳನ್ನು ಸೀಟಿಗೆ ಊರಿ ಕೂತಿದ್ದರು. ವಾಂತಿಗೆಂದು ತಂದ ಕವರು, ಮಾತ್ರೆಯ ಡಬ್ಬಿ, ನಿಂಬೆಹಣ್ಣು ಇಡಲು ಎದುರಿನ ಸೀಟಿನ ಬೆನ್ನಿನಲ್ಲಿ ಚೀಲವಿರಲಿಲ್ಲ. ಅಲ್ಲಿದ್ದದ್ದು ಹೊಳೆಯುವ ಗಟ್ಟಿ ಪ್ಲಾಸ್ಟಿಕ್. ಎಲ್ಲವೂ ಮಡಿಲಲ್ಲಿದ್ದವು, ತಿರುವು ಬಂದಾಗ ಕಾಲಬುಡಕ್ಕೆ ಉರುಳುತ್ತಿದ್ದವು. ಎ.ಸಿ.ಯ ಗಾಳಿ ನೇರವಾಗಿ ಮಂಡಿಗೆ ಬೀಳುತ್ತಿತ್ತು. ಅದನ್ನು ತಿರುಗಿಸಲು, ಕಡಿಮೆ ಮಾಡಲು ಹಿಂದೆ ಗುಂಡಿಯಿಲ್ಲ, ಮುಂದಿನ ಟಚ್ ಸ್ಕ್ರೀನಿನಲ್ಲಿ ಮೆನುವೊಳಗೆ ಹೋಗಬೇಕು. "ಸ್ವಲ್ಪ ಗಾಳಿ ಕಮ್ಮಿ ಮಾಡಮ್ಮಾ" ಎಂದು ಕೇಳಿದರು, ತಿರುವುಗಳ ನಡುವೆ ನನಗೆ ಸ್ಕ್ರೀನ್ ನೋಡಲಾಗಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಕೇಳಿದರು. ಆಮೇಲೆ ಕೇಳುವುದನ್ನು ಬಿಟ್ಟು ಸೆರಗನ್ನು ಮಂಡಿಯ ಮೇಲೆ ಹೊದ್ದುಕೊಂಡರು.

ಊರಿಗೆ ಬಂದವಳೇ ಹಿಡಿಕೆ ಹಾಕಿಸಲು ಹೊರಟೆ. ಸರ್ವಿಸ್ ಸೆಂಟರಿನವರು ಈ ಮಾಡೆಲಿಗೆ ಅಂಥ ಭಾಗವೇ ಇಲ್ಲ ಎಂದರು. ಅವರ ಆಕ್ಸೆಸರಿ ಪುಸ್ತಕದಲ್ಲಿ ಮ್ಯಾಟು, ಡಿಕ್ಕಿಗೆ ಹಾಸುವ ಟ್ರೇ, ಸುಗಂಧ, ಕ್ಯಾಂಪಿಂಗ್ ಡೇರೆ ಇದ್ದವು. ಅಲ್ಲಿಂದ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಕಾರಿಗೆ ಸಂಬಂಧಿಸಿದ ಯಾವುದನ್ನೂ ಆಗುವುದಿಲ್ಲ ಎನ್ನದ ರಸ್ತೆ ಅದು. ಅಂಗಡಿಯ ಹಿರಿಯ ಮೆಕ್ಯಾನಿಕ್ ಬಾಗಿಲಿನ ಸುತ್ತಲಿನ ರಬ್ಬರನ್ನು ಒಂದು ಮೊಳದಷ್ಟು ಬಿಡಿಸಿ, ಹೊದಿಕೆಯ ಅಂಚನ್ನು ಬೆರಳಿನಿಂದ ಸ್ವಲ್ಪ ಕೆಳಕ್ಕೆ ಜಗ್ಗಿ, ಮೊಬೈಲಿನ ದೀಪ ಬಿಟ್ಟು ನನ್ನನ್ನು ಕರೆದರು. ಛಾವಣಿಯ ಅಂಚಿನ ಉದ್ದಕ್ಕೂ ಬಿಗಿಯಾಗಿ ಸುತ್ತಿ ಅಲ್ಲಲ್ಲಿ ಪಟ್ಟಿ ಕಟ್ಟಿದ ಬಟ್ಟೆಯ ಸುರುಳಿಯೊಂದು ಮಲಗಿತ್ತು. "ಇದು ಕರ್ಟನ್ ಏರ್‌ಬ್ಯಾಗ್ ಮೇಡಂ, ಆಕ್ಸಿಡೆಂಟಾದರೆ ಪರದೆ ಥರ ಬಿಚ್ಚಿಕೊಂಡು ತಲೆ ಕಾಯುತ್ತೆ. ಇಲ್ಲಿ ಸ್ಕ್ರೂ ಹೊಡೆದರೆ ನಾಳೆ ಆಕ್ಸಿಡೆಂಟಲ್ಲಿ ಇದು ಬಿಚ್ಚಲ್ಲ, ಬಿಚ್ಚಿದರೂ ಹ್ಯಾಂಡಲ್ ಕಿತ್ತುಕೊಂಡು ಮುಖಕ್ಕೇ ಬರುತ್ತೆ. ನಾನು ಮಾಡಲ್ಲ" ಎಂದು ರಬ್ಬರನ್ನು ಮತ್ತೆ ಕೂರಿಸಿದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಷೋರೂಂನಲ್ಲಿ ಯಾರೂ ಹೇಳದ ಸತ್ಯವನ್ನು ಹೇಳಿದ ಅವರಿಗೆ ನಾನು ಇಂದಿಗೂ ಋಣಿ.

ಹಿಡಿಕೆಯಿರುವ ಕಾರುಗಳಲ್ಲೂ ಈ ಏರ್‌ಬ್ಯಾಗ್ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ಆದರೆ ಅಲ್ಲಿ ಹಿಡಿಕೆಯ ಬುಡವನ್ನು ಕೂರಿಸುವ ಜಾಗ ಉಕ್ಕಿನ ಚೌಕಟ್ಟಿನಲ್ಲೇ ಮೊದಲೇ ಇರುತ್ತದೆ, ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೆ ಹಿಡಿಕೆ ಅಡ್ಡ ಬರದಂತೆ ಎರಡನ್ನೂ ಒಟ್ಟಿಗೆ ಪರೀಕ್ಷಿಸಿರುತ್ತಾರೆ. ಕಾರ್ಖಾನೆಯಲ್ಲಿ ಬಿಟ್ಟುಹೋದ ಆ ಜಾಗವನ್ನು ಯಾವ ಅಂಗಡಿಯೂ ಹುಟ್ಟಿಸಲಾರದು.

ಉಳಿದ ಪ್ರಯತ್ನಗಳನ್ನು ಬೇಗ ಹೇಳಿಬಿಡುತ್ತೇನೆ. ಬಾಗಿಲು ಕಚ್ಚಿಕೊಳ್ಳುವ ಯು ಆಕಾರದ ಕಬ್ಬಿಣದ ಕೊಂಡಿಗೆ ಸಿಕ್ಕಿಸುವ ಊರುಗೋಲಿನಂಥ ಹಿಡಿಕೆ ಆನ್‌ಲೈನಿನಲ್ಲಿ ಸಿಗುತ್ತದೆ. ಇಳಿಯುವಾಗ ಅದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ, ನಿಮ್ಮ ತಂದೆತಾಯಿಗೆ ಯಾವ ಕಾರಿದ್ದರೂ ಒಂದನ್ನು ತಂದಿಡಿ. ಆದರೆ ಬಾಗಿಲು ಮುಚ್ಚಬೇಕಾದರೆ ಅದನ್ನು ತೆಗೆಯಲೇಬೇಕು, ಘಾಟಿಯ ತಿರುವಿನಲ್ಲಿ ಅದು ಇಲ್ಲ. ಮುಂದಿನ ಸೀಟಿನ ಹೆಡ್‌ರೆಸ್ಟಿನ ಕಂಬಿಗೆ ಗಟ್ಟಿ ಪಟ್ಟಿ ಕಟ್ಟಬಹುದೆಂದು ಯಾರೋ ಸೂಚಿಸಿದರು. ನಮ್ಮ ಕಾರಿನಲ್ಲಿ ಸೀಟು ಮತ್ತು ಹೆಡ್‌ರೆಸ್ಟ್ ಒಂದೇ ಅಚ್ಚಿನವು, ಕಂಬಿಯೇ ಇಲ್ಲ, ಹಾಗಾಗಿ ಪಟ್ಟಿಯೂ ಇಲ್ಲ, ಬ್ಯಾಗ್ ನೇತುಹಾಕುವ ಕೊಕ್ಕೆಯೂ ಇಲ್ಲ, ಕಟ್ಟುವ ಚೀಲವೂ ನಿಲ್ಲುವುದಿಲ್ಲ. ಗಾಜಿನ ಛಾವಣಿಗೆ ಕ್ಲಿಪ್ ಹಾಕುವ ಜಾಲರಿಯನ್ನು ತಂದೆ. ಬಿಸಿಲಿಗೆ ಅದರ ಅಂಚು ಜೋತುಬಿದ್ದು ಹಿಂದೆ ಕೂತವರ ಕೂದಲಿಗೆ ತಗುಲುತ್ತದೆ. ಗಾಜು ಅತಿನೇರಳೆ ಕಿರಣವನ್ನು ತಡೆಯುತ್ತದೆಂದು ಹೇಳುವುದು ಸುಳ್ಳಲ್ಲ, ಆದರೆ ಗಾಜೇ ಕಾದು ನೆತ್ತಿಯ ಮೇಲೆ ಶಾಖ ಬಿಡುವುದನ್ನು ಏಪ್ರಿಲ್‌ನಲ್ಲಿ ಬಳ್ಳಾರಿಯ ಕಡೆಗೆ ಹೋದವರು ಬಲ್ಲರು. ಪಕ್ಕದ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಯೋಚನೆ ಬೇಡ, 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿದೆ. ಬಾಟಲಿಯದು ಮಾತ್ರ ಬಗೆಹರಿಯಿತು: ಚಿಕ್ಕ ಬಾಟಲಿಗಳನ್ನು ಕೊಂಡೆವು. ಬಾಗಿಲಿನ ಗೂಡಿನಲ್ಲಿ ಅವು ಕಟಕಟ ಸದ್ದು ಮಾಡುತ್ತವೆ, ಎಂಜಿನ್ನಿನ ಸದ್ದಿಲ್ಲದ ಕಾರಿನಲ್ಲಿ ಅದು ಇನ್ನೂ ಜೋರಾಗಿ ಕೇಳುತ್ತದೆ, ಒಂದು ಕರವಸ್ತ್ರ ಸುತ್ತಿಟ್ಟರೆ ನಿಲ್ಲುತ್ತದೆ.

ಇಷ್ಟು ಬೆಲೆ ಕೊಟ್ಟರೆ ಇವೆಲ್ಲ ತಾವಾಗಿಯೇ ಇರುತ್ತವೆ ಎಂದು ನಂಬಲು ಕಾರಣವೇ ಇಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. 2012ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟೆಸ್ಲಾ ಮಾಡೆಲ್ ಎಸ್‌ನ ಮೊದಲ ಕಾರುಗಳಲ್ಲಿ ಬಾಗಿಲಿಗೆ ಗೂಡಿರಲಿಲ್ಲ, ಮುಂದಿನ ಎರಡು ಸೀಟುಗಳ ನಡುವೆ ಪೆಟ್ಟಿಗೆಯಿರಲಿಲ್ಲ. ಬೇರೆ ಕಂಪನಿಗಳು ಆ ಪೆಟ್ಟಿಗೆಯನ್ನು ಮಾಡಿ ಮಾರಿದವು. ಫೋಕ್ಸ್‌ವ್ಯಾಗನ್ ಐಡಿ.4ರಲ್ಲಿ ಡ್ರೈವರ್ ಬಳಿ ನಾಲ್ಕು ಕಿಟಕಿಗೆ ಎರಡೇ ಸ್ವಿಚ್ ಇಟ್ಟರು, ಹಿಂದಿನ ಕಿಟಕಿ ಇಳಿಸಬೇಕಾದರೆ ಮೊದಲು ಇನ್ನೊಂದು ಕಡೆ ಮುಟ್ಟಬೇಕು. ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯುರೋಪಿನ ಯುರೋ ಎನ್‌ಸಿಎಪಿ ಪರೀಕ್ಷೆಯು 2026ರಿಂದ ಇಂಡಿಕೇಟರ್, ಹಜಾರ್ಡ್ ದೀಪ, ಹಾರನ್, ವೈಪರ್ ಮತ್ತು ತುರ್ತು ಕರೆಗೆ ಮುಟ್ಟಿ ಗುರುತಿಸಬಹುದಾದ ನಿಜವಾದ ಗುಂಡಿಗಳಿವೆಯೇ ಎಂಬುದನ್ನೂ ಅಂಕಕ್ಕೆ ಎಣಿಸುತ್ತಿದೆ, ಅದು ಒಳ್ಳೆಯದೇ. ಆದರೆ ಆ ಐದೂ ಓಡಿಸುವವರಿಗೆ ಸೇರಿದವು. ನಮ್ಮಲ್ಲಿ 2023ರ ಅಕ್ಟೋಬರ್‌ನಲ್ಲಿ ಆರಂಭವಾದ ಭಾರತ್ ಎನ್‌ಸಿಎಪಿ ಕೊಡುವ ನಕ್ಷತ್ರಗಳಲ್ಲಿಯೂ ಮಂಡಿ ನೋವಿನ ಹಿರಿಯರು ಹತ್ತಿ ಇಳಿಯುವುದಕ್ಕೆ ಅಂಕವಿಲ್ಲ. ಹಿಂದಿನ ಸೀಟಿನವರ ಪರವಾಗಿ ಕೇಳುವವರು ಕಾರು ಕೊಳ್ಳುವ ನಾವು ಮಾತ್ರ.

ಬಿಡದಿಯಲ್ಲಿ ತಯಾರಾಗುವ ಇನ್ನೋವಾ 2005ರಿಂದ ನಮ್ಮ ರಸ್ತೆಗಳಲ್ಲಿದೆ. ಅದರ ಹಳೆಯ ಮಾದರಿಗಳಲ್ಲಿ ಗಾಜಿನ ಛಾವಣಿಯಿಲ್ಲದಿದ್ದರೂ ಹಿಂದಿನವರ ಕೈಗೆ ಹಿಡಿಕೆಯಿದೆ, ತಲೆಯ ಮೇಲೆ ಬೆರಳಿನಿಂದ ತಿರುಗಿಸಬಹುದಾದ ಎ.ಸಿ. ಕಿಂಡಿಯಿದೆ. ಈಗ ಅತ್ತೆಯವರು ನಮ್ಮ ಕಾರಿನಲ್ಲಿ ದೂರದ ಪ್ರಯಾಣ ಮಾಡುವುದಿಲ್ಲ. "ನೀವು ಹೋಗಿ ಬನ್ನಿ, ನನಗೆ ಆಗಲ್ಲ" ಎನ್ನುತ್ತಾರೆ. ಅವರನ್ನು ಕರೆದುಕೊಂಡು ಹೋಗಲೇಬೇಕಾದ ಮದುವೆ, ದೇವಸ್ಥಾನಗಳಿಗೆ ಬಾಡಿಗೆಗೆ ಇನ್ನೋವಾ ತರಿಸುತ್ತೇವೆ. ಬಾಡಿಗೆಯ ಹಣಕ್ಕಿಂತ, ಮನೆಯ ಕಾರಿನಲ್ಲಿ ತಮಗೆ ಜಾಗವಿಲ್ಲ ಎಂದು ಅವರಿಗೆ ಅನ್ನಿಸಿರಬಹುದೆಂಬುದು ನನ್ನನ್ನು ಹೆಚ್ಚು ನೋಯಿಸುತ್ತದೆ.

ಆದ್ದರಿಂದ ಯಾವ ಆಕ್ಸೆಸರಿ ಎಂಬ ನಿಮ್ಮ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ, ಆ ಪ್ರಶ್ನೆಯೇ ಸರಿಯಲ್ಲ. ಡೆಲಿವರಿಗೆ ಮೊದಲು ನಿಮ್ಮ ತಂದೆತಾಯಿಯನ್ನು ಷೋರೂಂಗೆ ಕರೆದುಕೊಂಡು ಹೋಗಿ. ನಿಮ್ಮ ತಾಯಿ ಸೀರೆ ಉಡುವವರಾದರೆ ಸೀರೆಯಲ್ಲೇ ಬರಲಿ, ಅವರು ತಾವಾಗಿಯೇ ಹತ್ತಲಿ, ತಾವಾಗಿಯೇ ಇಳಿಯಲಿ, ನೀವು ಕೈ ಕೊಡಬೇಡಿ. ಆಮೇಲೆ ನೀವು ಹಿಂದೆ ಅವರ ಪಕ್ಕದಲ್ಲಿ ಕೂತು ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಗಂಟೆಯಾದರೂ ಸುತ್ತಾಡಿಸಿ ಎಂದು ಹೇಳಿ. ಓಡಿಸುವ ಕೆಲಸ ಷೋರೂಂನವರದ್ದಾಗಲಿ. ಎ.ಸಿ. ಗಾಳಿಯನ್ನು ಹಿಂದಿನ ಸೀಟಿನಿಂದಲೇ ತಿರುಗಿಸಲು ನೋಡಿ. ಹೊರಗಡೆ ಹಾಕಿಸಿಕೊಳ್ಳಬಹುದು ಎಂದು ಅವರು ಯಾವ ವಸ್ತುವಿನ ಬಗ್ಗೆ ಹೇಳುತ್ತಾರೋ, ಅದಕ್ಕೆ ಕಂಪನಿಯ ಪಾರ್ಟ್ ನಂಬರನ್ನು ಬರೆದು ಕೊಡಲು ಕೇಳಿ. ನಂಬರ್ ಇಲ್ಲವೆಂದರೆ ಆ ವಸ್ತು ನಿಮಗೆ ಸಿಗುವುದಿಲ್ಲ ಎಂದೇ ಲೆಕ್ಕ ಹಾಕಿಕೊಳ್ಳಿ. ನಿಮ್ಮ ತಾಯಿಯ ಕೈ ಛಾವಣಿಯ ಅಂಚಿನಲ್ಲಿ ಹಿಡಿಯಲು ಹುಡುಕಿ ಬರಿದಾಗಿ ಇಳಿದರೆ ಬುಕಿಂಗ್ ರದ್ದುಮಾಡಿ. ಮುಂಗಡ ಹಣ ಪೂರ್ತಿ ವಾಪಸು ಬರುವ ಗಡುವು ಯಾವತ್ತಿಗೆ ಮುಗಿಯುತ್ತದೆಂದು ಬುಕಿಂಗ್ ರಸೀದಿಯಲ್ಲಿ ಇವತ್ತೇ ನೋಡಿಕೊಳ್ಳಿ.