ಎಲ್ಲಾ ಬಿಟ್ಟಾರ್ರಿ, ಬೀಡಿ ಒಂದ ಬಿಟ್ಟು

ಊಟದ ಸಲಹೆ ಕೊಡೋ ನನ್ನ ಹತ್ರ, ಕೆಮ್ಮು-ದಮ್ಮಿಗೆ ಅಂಜಿ ಊಟ ಬಿಟ್ಟವರ ಇಂಥಾ ಕೇಸು ತಿಂಗಳಿಗೆ ಒಂದೆರಡು ಬಂದ ಬರ್ತಾವು, ಅದಕ್ಕ ಬರೀಲಿಕ್ಕತ್ತೀನಿ. ಗುರುತು ಸಿಗಬಾರದಂತ ಒಂದಿಷ್ಟು ವಿವರ ಬದಲಿಸೀನಿ.

ನಿಪ್ಪಾಣಿ ಕಡೆಯವರು, ಅರವತ್ತರ ಹತ್ರ ವಯಸ್ಸು, ತಂಬಾಕಿನ ಹೊಲದಾಗ ದುಡದವರು. ಸಿಒಪಿಡಿ, ಅಂದ್ರ ಉಸಿರಿನ ದಾರಿ ಸಣ್ಣಾಗಿ ದಮ್ಮು ಹತ್ತೋ ದೀರ್ಘಕಾಲದ ಶ್ವಾಸಕೋಶದ ರೋಗ, ಅಂತ ಡಾಕ್ಟರ್ ಹೇಳಿದ್ರು. ತೂಕ ಇಳದು ಅಂಗಿ ಜೋತು ಬಿದ್ದಿತ್ತು. ಏನು ಉಣ್ತೀರಿ ಅಂದ್ರ ಚಹಾ, ಖಾರಿ ಬಿಸ್ಕೀಟು, ಒಂದಿಷ್ಟು ಅನ್ನ ಸಾರು. ಮೊಸರು ಥಂಡಿ, ಬಾಳೆಹಣ್ಣು ಕಫ, ಸೌತಿಕಾಯಿ ಆಗಂಗಿಲ್ಲ, ಪೇರಲ ಅಂತೂ ಬ್ಯಾಡವ ಬ್ಯಾಡ, ಹಿಂಗ ಅವರ ಲೆಕ್ಕ.

ಎರಡನೇ ಸಲ ಬಂದಾಗ, ಚೀಲ ಹಿಡಕೊಂಡು ಸುಮ್ಮನ ಕುಂತಿದ್ದ ಅವರ ಹೆಂಡ್ತಿ ಒಮ್ಮೆಲೆ ಅಂದ್ರು, "ಮೇಡಂ, ಕೆಮ್ಮು ಬಂದಾಗಿಂದ ಇವ್ರು ಎಲ್ಲಾ ಬಿಟ್ಟಾರ್ರಿ, ಬೀಡಿ ಒಂದ ಬಿಟ್ಟು." ಅವರು ನಕ್ಕರು, ನಗಿ ಕೆಮ್ಮಾತು, ಕೆಮ್ಮು ನಿಲ್ಲವಲ್ದು, ಹೆಂಡ್ತಿ ಬೆನ್ನು ತಿಕ್ಕಲಿಕ್ಕತ್ತಿದ್ರು, ಇವರು ಕಿಸೆಕ್ಕ ಕೈ ಹಾಕಿ ಇನ್ಹೇಲರ್ ತಗದ್ರು, ಅದರ ಜೋಡಿ ಬೀಡಿ ಕಟ್ಟೂ ಹೊರಗ ಬಂತು. ಟೇಬಲ್ ಮ್ಯಾಲೆ ಎರಡೂ ಬಾಜೂಬಾಜೂಕ. ನಾ ಏನೂ ಅನ್ನಲಿಲ್ಲ.

ಬೀಡಿ ಬಿಡ್ರಿ ಅಂತ ಅವರಿಗೆ ಹೇಳಿದವರು ರಗಡ ಮಂದಿ ಇದ್ರು. ನಾನೂ ಹೇಳ್ದೆ, ತಂಬಾಕು ಬಿಡಲಿಕ್ಕೆ ಫೋನಿನಾಗ ಸಹಾಯ ಮಾಡೋ ಕ್ವಿಟ್‌ಲೈನ್ ನಂಬರ್ 1800-11-2356 ಬರಕೊಟ್ಟೆ. ಆದ್ರ ಟೈಮ್ ಕೊಟ್ಟಿದ್ದು ಊಟದ ಮಾತಿಗೆ. ಹೊಟ್ಟಿ ಬಿರಿ ಉಂಡ್ರ ಅದು ವಪೆ (ಎದಿ-ಹೊಟ್ಟಿ ನಡುವಿನ ಉಸಿರಾಟದ ಸ್ನಾಯು) ಮ್ಯಾಲೆ ಒತ್ತಿ ಉಸಿರು ಇನ್ನೂ ಕಷ್ಟ, ಅದಕ್ಕ ದಿನಕ್ಕ ಐದು ಸಲ ಸ್ವಲ್ಪ ಸ್ವಲ್ಪ ಉಣ್ರಿ. ಖಾರಿ ಬದಲಿ ಹೆಸರುಕಾಳು ಉಸಳಿ ಇಲ್ಲಾ ತತ್ತಿ, ರೊಟ್ಟಿ ಜೋಡಿ ಮೆಂತೆ ಪಲ್ಯ, ಶೇಂಗಾ ಹಿಂಡಿ, ನಡುವ ಒಂದು ಬಾಳೆಹಣ್ಣು.

ಗಾಡಿ ಮ್ಯಾಲೆ ಕರ್ಕೊಂಡು ಬರೋ ಮಗನೂ ಸೇದ್ತಾನ. ಅವಂಗ ಬ್ಯಾರೆ ಹೇಳ್ದೆ: ಸ್ವೀಡನ್ನಾಗ 44 ಸಾವಿರ ಗಂಡಸರನ್ನ 13 ವರ್ಷ ನೋಡ್ಯಾರ, ಸೇದವರಾಗೂ ದಿನಕ್ಕ ಒಂದು ಪಾಲು ಹಣ್ಣು-ತರಕಾರಿ ಹೆಚ್ಚು ತಿಂದವರಿಗೆ ಸಿಒಪಿಡಿ ಬರೋ ರಿಸ್ಕ್ ಸುಮಾರು 8% ಕಡಿಮಿ ಕಂಡದ. ಗ್ಯಾರಂಟಿ ಅಲ್ಲಪಾ, ಪಲ್ಯ ತಿಂದು ಸೇದಿದ್ರ ನಡೀತದ ಅಂತನೂ ಅಲ್ಲ, ಸೇದೋ ರಿಸ್ಕ್ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. "ಊಟದ ಮಾತು ತಗದು ಅವರಿಗೆ ನೆಪ ಕೊಟ್ಟಿ" ಅಂತ ಜೊತಿಗೆ ಕೆಲಸ ಮಾಡವರು ನನಗ ಬೈದ್ರು. ಇರಬಹುದು. ಆದ್ರ ಅಂಜಿ ಊಟ ಬಿಟ್ಟು ಮೈಯಾಗ ಕಸುವಿಲ್ಲದಾಂವಗ ಬೀಡಿ ಬಿಡೋ ಕಸುವು ಎಲ್ಲಿಂದ ಬರಬೇಕ್ರಿ?

ಮೂರನೇ ಸಲ ಬಂದಾಗ ತೂಕ ಎರಡು ಕಿಲೋ ಏರಿತ್ತು. ಬೀಡಿ ಕಟ್ಟು ಈಗ ಹೆಂಡ್ತಿ ಚೀಲದಾಗ ಇರ್ತದಂತ, ಕೇಳಿದಾಗ ಒಂದ ಕೊಡ್ತಾರಂತ, ಅದೂ ಬಾಳೆಹಣ್ಣು ತಿಂದಮ್ಯಾಲ.